ಗರ್ಭಿಣಿಯರು ಹಾಗೂ ನವಜಾತ ಶಿಶುಗಳಲ್ಲಿ ವಿಟಮಿನ್ 'ಡಿ' ಕೊರತೆ

ಹುಟ್ಟುವ ಶಿಶುವಿನ ದೇಹದಲ್ಲಿರುವ ವಿಟಮಿನ್ 'ಡಿ' ತಾಯಿಯಿಂದಲೇ ಬಂದುದಾಗಿರುತ್ತದೆ. ತಾಯಿಯಲ್ಲಿ ಕೊರತೆಯಿದ್ದಲ್ಲಿ ಶಿಶುವಿನಲ್ಲಿಯೂ ಕೊರತೆ ಉಂಟಾಗುತ್ತದೆ. ಕೊರತೆ ತೀವ್ರವಾದಲ್ಲಿ ರಕ್ತದಲ್ಲಿ ಕ್ಯಾಲ್ಸಿಯಂ ಪ್ರಮಾಣ ಕುಸಿದು ಶಿಶುವಿಗೆ ಫಿಟ್ಸ್ ಬರಬಹುದು. ಮುಂದೆ ಕಾಲಿನ ಮೂಳೆಗಳು ಬಾಗುವ ರಿಕೆಟ್ಸ್ ರೋಗಕ್ಕೂ ಕಾರಣವಾಗಬಹುದು.

ಕಾರಣಗಳು: ಚರ್ಮಕ್ಕೆ ಬಿಸಿಲು ತಾಗಿದಾಗ ಈ ವಿಟಮಿನ್ ಉತ್ಪತ್ತಿಯಾಗುತ್ತದೆ. ಸದಾ ಮನೆಯೊಳಗೇ ಇರುವವರಲ್ಲಿ ಹಾಗೂ ಮೈ ಪೂರ್ತಿ ಮುಚ್ಚುವ ಉಡುಪು ಧರಿಸುವವರಲ್ಲಿ ಕೊರತೆಯ ಸಂಭವ ಹೆಚ್ಚು. ದಿನನಿತ್ಯದ ಆಹಾರದಿಂದ ದೊರೆಯುವ ಪ್ರಮಾಣ ಅತ್ಯಲ್ಪ.

ಗರ್ಭಿಣಿಯರಿಗೆ: ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯನ್ವಯ, ಗರ್ಭಧಾರಣೆಯ 14ನೇ ವಾರದಿಂದ ಹೆರಿಗೆಯವರೆಗೆ ಹಾಗೂ ಹೆರಿಗೆಯ ನಂತರ 6 ತಿಂಗಳು, ದಿನಕ್ಕೆ 2 ಕ್ಯಾಲ್ಸಿಯಂ ಮಾತ್ರೆಗಳನ್ನು ಊಟದೊಂದಿಗೆ ಸೇವಿಸತಕ್ಕದ್ದು. ಪ್ರತಿ ಮಾತ್ರೆಯಲ್ಲಿ 500 ಮಿ.ಗ್ರಾಂ. ಕ್ಯಾಲ್ಸಿಯಂ ಹಾಗೂ 250 ಐ.ಯು. ವಿಟಮಿನ್ 'ಡಿ3' ಇರುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಇದರ ಜೊತೆ ನುಂಗದೆ, ಕನಿಷ್ಠ 2 ಗಂಟೆ ಅಂತರದಲ್ಲಿ ಸೇವಿಸಬೇಕು. ಹೆರಿಗೆಯಾದ ಕೂಡಲೇ ಮಾತ್ರೆ ನಿಲ್ಲಿಸಬಾರದು.

ಶಿಶುಗಳಿಗೆ: ಎದೆಹಾಲು ಶ್ರೇಷ್ಠ ಆಹಾರವಾಗಿದ್ದರೂ ಅದರಲ್ಲಿ ವಿಟಮಿನ್ 'ಡಿ' ಕಡಿಮೆ. ಆದ್ದರಿಂದ ಎದೆಹಾಲಿನೊಂದಿಗೆ, ವೈದ್ಯರ ಸಲಹೆಯಂತೆ, ಮೊದಲ ಒಂದು ವರ್ಷ ದಿನಕ್ಕೆ 400 ಐ.ಯು. ಪ್ರಮಾಣದ ಹನಿ ಔಷಧ ನೀಡಬೇಕು. ಅಳತೆ ಮೀರಿದಲ್ಲಿ ಅಪಾಯವಿದೆ.

ಶಿಶುವಿಗೆ ಫಿಟ್ಸ್ ಕಂಡುಬಂದಲ್ಲಿ ತಕ್ಷಣ 108 ಆಂಬ್ಯುಲೆನ್ಸ್‌ಗೆ ಕರೆ ಮಾಡತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ಆಶಾ ಕಾರ್ಯಕರ್ತೆಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು.