ಮನೆತನದ ಹೆಸರು ಬೇಡವಾದ ಎದುವಾರ್ದೊ

ಇಪ್ಪತ್ತನೆಯ ಶತಮಾನದ ಇಟಲಿಯಲ್ಲಿ ಎದುವಾರ್ದೊ ಎಂದರೆ ಸಾಕಿತ್ತು, ಯಾವ ಎದುವಾರ್ದೊ ಎಂದು ಯಾರೂ ಕೇಳುತ್ತಿರಲಿಲ್ಲ. ನಟ, ನಿರ್ದೇಶಕ, ನಾಟಕಕಾರ, ಕವಿ, ಎಲ್ಲವೂ ಆಗಿದ್ದ ಎದುವಾರ್ದೊ ದೆ ಫಿಲಿಪ್ಪೊನನ್ನು ಜನ ತಮ್ಮ ಮನೆಯವನೇ ಎಂಬಂತೆ ಬರೀ ಹೆಸರು ಹಿಡಿದು ಕರೆದರು. ಆ ಸಲುಗೆಯ ಹಿಂದೆ ಒಂದು ಕಥೆಯಿದೆ. ಅವನ ಬಾಳಿನ ನೋವೆಲ್ಲ ಇದ್ದದ್ದು ಮನೆತನದ ಹೆಸರಿನಲ್ಲೇ.

ಅವನು ಹುಟ್ಟಿದ್ದು 1900ರ ಮೇ 24ರಂದು, ನೇಪಲ್ಸ್ ನಗರದಲ್ಲಿ. ಹುಟ್ಟಿಗೆ ಕಾರಣನಾದವನು ಎದುವಾರ್ದೊ ಸ್ಕಾರ್ಪೆತ್ತಾ, ಆ ಊರಿನ ರಂಗಭೂಮಿಯನ್ನು ಆಳುತ್ತಿದ್ದ ಹಾಸ್ಯನಟ. ಸ್ಕಾರ್ಪೆತ್ತಾನ ಧರ್ಮಪತ್ನಿ ರೋಸಾ. ಎದುವಾರ್ದೊನ ತಾಯಿ ಲೂಯಿಸಾ ಅದೇ ರೋಸಾಳ ಸೋದರ ಸೊಸೆ. ಲೂಯಿಸಾಳಿಗೆ ಮೂವರು ಮಕ್ಕಳು: 1898ರಲ್ಲಿ ತಿತೀನಾ, ನಡುವೆ ಎದುವಾರ್ದೊ, 1903ರಲ್ಲಿ ಪೆಪ್ಪೀನೊ. ಮೂವರಿಗೂ ತಾಯಿಯ ಮನೆತನದ ಹೆಸರೇ ಗತಿಯಾಯಿತು. ಮಗನಿಗೆ ತಂದೆಯ ಹೆಸರಿನ ಮೊದಲರ್ಧ ಸಿಕ್ಕಿತು, ಉಳಿದರ್ಧ ಸಿಗಲಿಲ್ಲ. ಮಕ್ಕಳು ಆ ದೊಡ್ಡ ಮನುಷ್ಯನನ್ನು ಅಪ್ಪ ಎನ್ನುವಂತಿರಲಿಲ್ಲ, ಮಾವ ಎನ್ನಬೇಕಿತ್ತು.

ಹೆಸರು ಕೊಡದ ಆ ಮನುಷ್ಯ ವಿದ್ಯೆ ಕೊಟ್ಟ. ನಾಲ್ಕನೆಯ ವಯಸ್ಸಿನಲ್ಲಿ, 1904ರಲ್ಲಿ, ಎದುವಾರ್ದೊ ರೋಮಿನ ವಾಲ್ಲೆ ರಂಗಮಂದಿರದಲ್ಲಿ ಪುಟ್ಟ ಜಪಾನಿ ಹುಡುಗನ ವೇಷದಲ್ಲಿ ಮೊದಲ ಬಾರಿಗೆ ರಂಗಕ್ಕೆ ಬಂದ. ಮುಂದೆ ಸ್ಕಾರ್ಪೆತ್ತಾ ಅವನನ್ನು ಕೂರಿಸಿ ನಾಟಕದ ಪ್ರತಿಗಳನ್ನು ಕೈಯಿಂದ ನಕಲು ಮಾಡಿಸುತ್ತಿದ್ದ. ಹುಡುಗನಿಗೆ ಅದು ಶಿಕ್ಷೆಯಂತೆ ಕಂಡಿರಬೇಕು. ಆದರೆ ಒಂದು ಮಾತು ಎಲ್ಲಿ ನಿಲ್ಲಬೇಕು, ಜನ ಎಲ್ಲಿ ನಗುತ್ತಾರೆ ಎಂಬುದು ಅವನ ಬೆರಳಿಗೆ ಇಳಿದದ್ದು ಹಾಗೆಯೇ.

ಸ್ಕಾರ್ಪೆತ್ತಾನ ಪ್ರಸಿದ್ಧ ನಾಟಕ 'ಬಡತನ ಮತ್ತು ಕುಲೀನತೆ'. ಅದರಲ್ಲಿ ಫೆಲಿಚೆ ಎಂಬ ಹೊಟ್ಟೆಗಿಲ್ಲದವನಿಗೆ ಪೆಪ್ಪೆನಿಯೆಲ್ಲೊ ಎಂಬ ಮಗ. ಈ ಹುಡುಗ ಮನೆ ಬಿಟ್ಟು ಓಡಿ, ಶ್ರೀಮಂತರ ಮನೆಯಲ್ಲಿ ಕೆಲಸ ಸಿಗಲೆಂದು ಅಲ್ಲಿಯ ನೌಕರನೊಬ್ಬನನ್ನು ತನ್ನ ಅಪ್ಪ ಎಂದು ಹೇಳಿಕೊಳ್ಳುತ್ತಾನೆ. ಮತ್ತೆ ಮತ್ತೆ ಅದನ್ನೇ ಹೇಳುವುದು, ಜನ ಬಿದ್ದು ಬಿದ್ದು ನಗುವುದು. ಫೆಲಿಚೆ ಸ್ಕಾರ್ಪೆತ್ತಾ ತನಗಾಗಿ ಕಟ್ಟಿಕೊಂಡಿದ್ದ ಪಾತ್ರ. ಆ ಹುಡುಗನ ಪಾತ್ರವನ್ನು ಲೂಯಿಸಾಳ ಮೂವರು ಮಕ್ಕಳೂ ಒಬ್ಬರಾದ ಮೇಲೊಬ್ಬರು ಮಾಡಿದರು. ಮನೆಯಲ್ಲಿ ನಿಜವಾದ ತಂದೆಯನ್ನು ಮಾವ ಎನ್ನುತ್ತಿದ್ದ ಮಕ್ಕಳು ರಂಗದ ಮೇಲೆ ಯಾರನ್ನೋ ಅಪ್ಪ ಎಂದು ಕೂಗಿ ಚಪ್ಪಾಳೆ ಗಿಟ್ಟಿಸಿದರು.

1925ರಲ್ಲಿ ಸ್ಕಾರ್ಪೆತ್ತಾ ತೀರಿಕೊಂಡ. ಆಸ್ತಿಯೆಲ್ಲ ಧರ್ಮಪತ್ನಿಯ ಮನೆಗೆ ಹೋಯಿತು, ಈ ಮೂವರಿಗೆ ಏನೂ ಬರಲಿಲ್ಲ. ಇವರಿಗೆ ಉಳಿದದ್ದು ಬಣ್ಣ ಹಚ್ಚುವ ವಿದ್ಯೆ ಒಂದೇ. 1931ರಲ್ಲಿ ಮೂವರೂ ಕೂಡಿ ತಾಯಿಯ ಮನೆತನದ ಹೆಸರಿನಲ್ಲೇ ಒಂದು ಹಾಸ್ಯ ನಾಟಕ ಕಂಪನಿ ಕಟ್ಟಿದರು. ಆ ವರ್ಷದ ಕ್ರಿಸ್‌ಮಸ್ ದಿನ ನೇಪಲ್ಸಿನ ಒಂದು ಚಿತ್ರಮಂದಿರದಲ್ಲಿ 'ಕುಪಿಯೆಲ್ಲೊ ಮನೆಯ ಕ್ರಿಸ್‌ಮಸ್' ಎಂಬ ಏಕಾಂಕವನ್ನು ಆಡಿದರು. ಮುಂದೆ ಅದು ಬೆಳೆದು ಮೂರಂಕದ ನಾಟಕವಾಯಿತು. ಲೂಕಾ ಕುಪಿಯೆಲ್ಲೊ ಎಂಬ ಮುದುಕ ಏಸುವಿನ ಜನನದ ಬೊಂಬೆ ಜೋಡಿಸುತ್ತಾ, ಇದು ನಿನಗೆ ಹಿಡಿಸಿತೇ ಎಂದು ಮಗನನ್ನು ಕೇಳುತ್ತಲೇ ಇರುತ್ತಾನೆ. ಮಗ ಇಲ್ಲ ಎನ್ನುತ್ತಲೇ ಇರುತ್ತಾನೆ. ಕೊನೆಗೆ ಅಪ್ಪ ಸಾಯುವ ಹಾಸಿಗೆಯಲ್ಲಿದ್ದಾಗ ಮಗ ಹೌದು ಎನ್ನುತ್ತಾನೆ. ಅಪ್ಪ ಮಗನ ಬಾಯಿಂದ ಒಂದು ಮಾತಿಗೆ ಕಾಯುವ ಈ ಕಥೆ ಬರೆದವನು, ಅಪ್ಪನ ಬಾಯಿಂದ ಮಗನೇ ಎಂಬ ಮಾತು ಕೇಳದೆ ಬೆಳೆದವನು.

1944ರಲ್ಲಿ ಅಣ್ಣತಮ್ಮಂದಿರು ಜಗಳವಾಡಿ ಬೇರೆಯಾದರು. ಪೆಪ್ಪೀನೊ ತನ್ನ ದಾರಿ ಹಿಡಿದ. ತಿತೀನಾ ಎದುವಾರ್ದೊನ ಜೊತೆ ಉಳಿದಳು. ಮರುವರ್ಷ, ಯುದ್ಧ ಇನ್ನೂ ಪೂರಾ ಮುಗಿಯದಿದ್ದಾಗಲೇ, ನೇಪಲ್ಸಿನ ಸಾನ್ ಕಾರ್ಲೊ ರಂಗಮಂದಿರದಲ್ಲಿ ಅವನ 'ಲಕ್ಷಾಧೀಶ ನೇಪಲ್ಸ್' ಬಂತು. ಕಾಳಸಂತೆಯಲ್ಲಿ ಹಣ ಮಾಡಿ ಮನಸ್ಸು ಕಳೆದುಕೊಂಡ ಸಂಸಾರದ ಕಥೆಯದು.

1946ರಲ್ಲಿ ಅಕ್ಕನಿಗೆಂದೇ ಬರೆದದ್ದು 'ಫಿಲುಮೇನಾ ಮಾರ್ತುರಾನೊ'. ಬಡತನದಿಂದ ಮೈ ಮಾರಿಕೊಳ್ಳಬೇಕಾಗಿ ಬಂದ ಹೆಣ್ಣು ಫಿಲುಮೇನಾ. ಇಪ್ಪತ್ತೈದು ವರ್ಷ ಜೊತೆಗಿಟ್ಟುಕೊಂಡ ಸಾಹುಕಾರ ದೊಮೆನಿಕೊ ಹರೆಯದ ಹುಡುಗಿಯನ್ನು ಮದುವೆಯಾಗಲು ಹೊರಟಾಗ, ಸಾಯುವ ನಟನೆ ಮಾಡಿ ಅವನನ್ನು ತಾನೇ ಮದುವೆಯಾಗುತ್ತಾಳೆ. ಅವಳಿಗೆ ಬೇಕಾದದ್ದು ಅವನ ಹಣವಲ್ಲ, ಗುಟ್ಟಾಗಿ ಬೆಳೆಸಿದ ಮೂರು ಗಂಡುಮಕ್ಕಳಿಗೆ ಒಂದು ಮನೆತನದ ಹೆಸರು. ಮೂವರಲ್ಲಿ ಒಬ್ಬ ನಿನ್ನ ಮಗ ಎನ್ನುತ್ತಾಳೆ. ಯಾರು ಎಂದು ಅವನು ಎಷ್ಟು ಗೋಗರೆದರೂ ಹೇಳುವುದಿಲ್ಲ. ಹೇಳಿದರೆ ಒಬ್ಬ ಮಗನಾಗುತ್ತಾನೆ, ಇಬ್ಬರು ಹೊರಗಿನವರಾಗುತ್ತಾರೆ. ಕೊನೆಗೆ ಮೂವರೂ ಅವನನ್ನು ಅಪ್ಪ ಎನ್ನುತ್ತಾರೆ, ಅವನೂ ಒಪ್ಪುತ್ತಾನೆ. 1964ರಲ್ಲಿ ವಿತ್ತೋರಿಯೊ ದೆ ಸೀಕಾ ಇದನ್ನು ಸೋಫಿಯಾ ಲೊರೆನ್ ಮತ್ತು ಮಾರ್ಚೆಲ್ಲೊ ಮಾಸ್ತ್ರೊಯಾನ್ನಿ ಇಬ್ಬರನ್ನೂ ಹಾಕಿ ಚಲನಚಿತ್ರ ಮಾಡಿದ.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರಿನ ಪಕ್ಕದಲ್ಲೇ ತಂದೆಯ ಹೆಸರಿನ ಕಾಲಂ ಇರುತ್ತದೆ. ಅದನ್ನು ತುಂಬಿಸುವಾಗ ದನಿ ತಗ್ಗಿಸುವ ತಾಯಂದಿರನ್ನು ನಾನು ಕಂಡಿದ್ದೇನೆ. ಫಿಲುಮೇನಾ ದನಿ ತಗ್ಗಿಸಲಿಲ್ಲ. ಅವಳ ಹಟ ನನಗೆ ಪುಸ್ತಕದ ಮಾತಾಗಿ ಕಾಣದಿರುವುದು ಅದಕ್ಕೇ. ಮದುವೆಯಾಚೆ ಹುಟ್ಟಿದ ಮಕ್ಕಳಿಗೂ ಕಾನೂನಿನ ರಕ್ಷಣೆ ಬೇಕೆಂದು 1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನ ಹೇಳಿತು. ಕುಟುಂಬದ ಕಾನೂನು ದೊಡ್ಡದಾಗಿ ತಿದ್ದುಪಡಿಯಾಗಲು 1975 ಬರಬೇಕಾಯಿತು. ಮಕ್ಕಳಲ್ಲಿ ಉಳಿದಿದ್ದ ಭೇದವನ್ನೂ ಅಳಿಸುವ ಕಾನೂನು ಬಂದದ್ದು 2012ರಲ್ಲಿ. ನಾಟಕ ಅದಕ್ಕೂ ಅರವತ್ತಾರು ವರ್ಷ ಮುಂಚೆಯೇ ಆ ಮಾತು ಆಡಿ ಮುಗಿಸಿತ್ತು.

ಎದುವಾರ್ದೊನ ಮಗ ಲೂಕಾ 1948ರಲ್ಲಿ ಹುಟ್ಟಿದಾಗ ಅವನಿಗೂ ಥೇಯಾಗೂ ಮದುವೆಯಾಗಿರಲಿಲ್ಲ. ಇಟಲಿಯಲ್ಲಿ ಆಗ ವಿಚ್ಛೇದನದ ಕಾನೂನೇ ಇರಲಿಲ್ಲ. ಮೊದಲ ಮದುವೆಯ ಗಂಟು ಬಿಡಿಸಿಕೊಂಡು ಅವರು ಮದುವೆಯಾದದ್ದು 1956ರಲ್ಲಿ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಪುಟ್ಟ ಮಗಳು ಲೂಯಿಸೆಲ್ಲಾ ತೀರಿಕೊಂಡಳು, ಮರುವರ್ಷ ಥೇಯಾ ಕೂಡ ಹೋದಳು.

ಹೀಗೆ ಬೆಂದವನು ತಂದೆಯ ಮೇಲೆ ಸೇಡು ತೀರಿಸಿಕೊಳ್ಳಬಹುದಿತ್ತು. ತಮ್ಮ ಪೆಪ್ಪೀನೊ ತನ್ನ ಆತ್ಮಕಥೆಯಲ್ಲಿ ಕಹಿಯನ್ನೆಲ್ಲ ಕಕ್ಕಿದ. ಎದುವಾರ್ದೊ ಬೇರೆ ದಾರಿ ಹಿಡಿದ. ಯುದ್ಧದ ಬಾಂಬಿಗೆ ಕುಸಿದಿದ್ದ ನೇಪಲ್ಸಿನ ಸಾನ್ ಫೆರ್ದಿನಾಂದೊ ರಂಗಮಂದಿರವನ್ನು 1948ರಲ್ಲಿ ಕೊಂಡು, ಕೈಯಿಂದ ಹಣ ಸುರಿದು ಕಟ್ಟಿಸಿ, 1954ರಲ್ಲಿ ತೆರೆದ. ಹಳೆಯ ನಾಟಕಗಳನ್ನು ಆಡಲೆಂದು ಅವನು ಕಟ್ಟಿದ ತಂಡದ ಹೆಸರು 'ಲಾ ಸ್ಕಾರ್ಪೆತ್ತಿಯಾನಾ'. ತನಗೆ ಸಿಗದ ಮನೆತನದ ಹೆಸರನ್ನು ಅವನು ತಂಡಕ್ಕೆ ಇಟ್ಟ. ಸ್ಕಾರ್ಪೆತ್ತಾ ಕಠಿಣ ತಂದೆಯೇ ಎಂದು ಒಬ್ಬರು ಕೇಳಿದಾಗ, ಅವನು ಮಹಾನ್ ನಟ ಎಂದಷ್ಟೇ ಉತ್ತರ ಕೊಟ್ಟನೆಂದು ಹೇಳುತ್ತಾರೆ. ಆ ಉತ್ತರದಲ್ಲಿ ಗೌರವವೂ ಇದೆ, ನೋವೂ ಇದೆ.

ಕವಿತೆ ಅವನಿಗೆ ನಾಟಕದ ಮಗ್ಗುಲಲ್ಲೇ ಹುಟ್ಟಿತು. ಬರೆಯುತ್ತಿದ್ದ ದೃಶ್ಯ ಮುಂದೆ ಸಾಗದೆ ನಿಂತಾಗ ಅದನ್ನು ಬದಿಗಿಟ್ಟು, ನೇಪಲ್ಸಿನ ಆಡುಮಾತಿನಲ್ಲಿ ಪದ್ಯ ಕಟ್ಟುತ್ತಿದ್ದ. 1951ರಲ್ಲಿ ಒಂದು ಸಂಕಲನ ಬಂತು, 1975ರಲ್ಲಿ ಅವನ ಕವಿತೆಗಳ ದೊಡ್ಡ ಪುಸ್ತಕ. ತಾಯಿಯ ಮನೆತನದ ಹೆಸರು ಹೊತ್ತವನು ತಾಯಿನುಡಿಯನ್ನೂ ಬಿಡಲಿಲ್ಲ.

1981ರಲ್ಲಿ ಅಧ್ಯಕ್ಷ ಪೆರ್ತೀನಿ ಅವನನ್ನು ಆಜೀವ ಸೆನೆಟರನನ್ನಾಗಿ ಮಾಡಿದರು. ಎಂಬತ್ತು ದಾಟಿದ ಮುದುಕ ಆ ಪದವಿಯನ್ನು ಬಳಸಿದ್ದು ನೇಪಲ್ಸಿನ ಫಿಲಾಂಜೇರಿ ಬಾಲಬಂದೀಖಾನೆಯ ಹುಡುಗರಿಗಾಗಿ. ಅಲ್ಲಿಗೆ ಹೋಗಿ ಅವರೊಡನೆ ಕೂತು ಮಾತಾಡಿದ, ಅವರಿಗೆ ಕೆಲಸ ಕಲಿಸಬೇಕೆಂದು ಸೆನೆಟಿನಲ್ಲಿ ವಾದಿಸಿದ. ಮೂವರಲ್ಲಿ ನಿನ್ನವನು ಯಾರು ಎಂದು ಫಿಲುಮೇನಾ ಹೇಳಲಿಲ್ಲವಲ್ಲ, ಅವನೂ ಅಷ್ಟೆ. ಇವರು ಯಾರ ಮಕ್ಕಳು ಎಂದು ಕೇಳಲಿಲ್ಲ.

1984ರ ಅಕ್ಟೋಬರ್ 31ರಂದು ಅವನು ರೋಮಿನಲ್ಲಿ ತೀರಿಕೊಂಡ. ಸಾನ್ ಫೆರ್ದಿನಾಂದೊ ರಂಗಮಂದಿರವನ್ನು ಮಗ ಲೂಕಾ 1996ರಲ್ಲಿ ನೇಪಲ್ಸ್ ನಗರಕ್ಕೇ ಕೊಟ್ಟುಬಿಟ್ಟ.