ಬ್ಯಾಸಿಗಿ ಕೆರೆ, ಕೊರಮೀನು ಮತ್ತು ಗಾಳದ ಒಂಬೈನೂರು ವರ್ಷ

ಈ ಬಿಸಿಲಿಗೆ ಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆ ಕೆರೆ ನೀರು ದಿನಾ ಹಿಂದೆ ಸರೀತದೆ. ನೀರು ಕಮ್ಮಿ ಆದಂಗೆ ದಂಡೆ ಮೇಲೆ ಗಾಳ ಹಿಡಿದವರು ಜಾಸ್ತಿ. ಅದಕ್ಕೇ ಈ ಸಲ ಬೆಳೆ ಬಿಟ್ಟು ಮೀನಿನ ಇತಿಹಾಸ ಬರೀತೀನಿ.

ಗಾಳ ಹಾಕೋದು ನಮ್ಮಲ್ಲಿ ಹೊಸದಲ್ಲ. ಬಾಗಳಿ ಕಲ್ಲೇಶ್ವರ, ಹಿರೇಹಡಗಲಿ ಕಟ್ಟೇಶ್ವರ ಗುಡಿ ನೋಡಿದೀರಲ್ಲ, ಅವು ಕಲ್ಯಾಣ ಚಾಲುಕ್ಯರ ಕಾಲದವು. ಅದೇ ವಂಶದ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅದರಲ್ಲಿ ‘ಮತ್ಸ್ಯವಿನೋದ’ ಅಂತ ಒಂದು ಅಧ್ಯಾಯವೇ ಐತೆ. ಮೀನನ್ನ ಹೊಳೆಯದು, ಕಡಲಿನದು, ಪೊರೆ ಇದ್ದದ್ದು, ಇಲ್ಲದ್ದು ಅಂತ ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ಹಾಕಬೇಕು ಅಂತ ಬೇರೆ ಬೇರೆ ಹೇಳ್ತಾನೆ. ಮೀನು ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಬಗ್ಗೆ ಲೇಖನ ಬರೆದ್ರು.

ಆಮೇಲೆ ಬ್ರಿಟಿಷರ ಕಾಲ. ಆಗ ನಮ್ಮ ತಾಲೂಕುಗಳೆಲ್ಲ ಮದರಾಸು ಆಡಳಿತದಲ್ಲಿದ್ವು. ಮೈಸೂರಿಗೆ ಸೇರಿದ್ದು 1953ರಲ್ಲಿ. ಅದೇ ಮದರಾಸು ಸರ್ಕಾರದ ಅಧಿಕಾರಿ ಎಚ್. ಎಸ್. ಥಾಮಸ್ ಗಾಳದ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯ್ತು. ಕೊರಮೀನಿಗೆ ಕಪ್ಪೆಯೇ ಸರಿ ಅನ್ನೋದು ಆಗಲೇ ಗೊತ್ತಿತ್ತು. ಈಗ ಅಂಗಡಿಯಲ್ಲಿ ಸಿಗೋ ರಬ್ಬರ್ ಕಪ್ಪೆ, ಅಮೆರಿಕಾದವರು ತಮ್ಮ ಕೆರೆಯ ಬಾಸ್ ಮೀನಿಗೆ ಬಳಸೋ ಮಾಲು. ಅದೂ ಜೊಂಡಿನ ಮರೆಯಲ್ಲಿ ಹೊಂಚು ಹಾಕೋ ಜಾತಿಯೇ, ಹಂಗಾಗಿ ನಮ್ಮ ಕೊರಮೀನಿಗೂ ಹೊಂದ್ತದೆ.

ಬಿಸಿಲಿಗೂ ಎರೆಗೂ ಏನು ಸಂಬಂಧ? ನೀರು ಕಾದಷ್ಟೂ ಅದರಲ್ಲಿ ಉಸಿರು ಕಮ್ಮಿ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಹಿಡೀತದೆ, 30 ಡಿಗ್ರಿಯಲ್ಲಿ ಏಳೂವರೆ. ರಾತ್ರಿ ಪಾಚಿಯೂ ಅದನ್ನೇ ಎಳಕೊಳ್ಳೋದರಿಂದ ಬೆಳಗಿನ ಜಾವ ತೀರಾ ಕಮ್ಮಿ. ಕಟ್ಲಾ, ರೋಹು ಬಾಯಿ ತೆರೆದು ಮೇಲೆ ಬರೋದು ಆಗಲೇ. ಆ ಹೊತ್ತಲ್ಲಿ ಹಿಟ್ಟಿನ ಉಂಡೆ ಮುಂದಿಟ್ರೂ ಮೂಸೋದಿಲ್ಲ. ಬಿಸಿಲು ಬಿದ್ದು ನೀರು ಚೇತರಿಸಿದ ಮೇಲೆ ನೋಡ್ರಿ. ಕೊರಮೀನಿಗೆ ಮಾತ್ರ ಕಿವಿರಿನ ಮೇಲೆ ಗಾಳಿ ಹಿಡಿಯೋ ಚೀಲ ಐತೆ. ಆಗಾಗ ಮೇಲೆ ಬಂದು ಗಾಳಿ ಕುಡೀತದೆ. ಬರೋಕೆ ಬಿಡದಿದ್ರೆ ನೀರಲ್ಲೇ ಉಸಿರು ಕಟ್ಟಿ ಸಾಯ್ತದೆ. ಮಧ್ಯಾಹ್ನ ಜೊಂಡಿನ ನೆರಳು, ಬೆಳಿಗ್ಗೆ ಸಂಜೆ ಬೇಟೆ. ಕೆರೆ ಬತ್ತಿದ್ರೂ ಹಸಿ ಕೆಸರಲ್ಲಿ ಜೀವ ಹಿಡಕೊಂಡಿರ್ತದೆ.

ಬತ್ತೋ ಕೆರೆಗೆ ಹೇಳಿ ಮಾಡಿಸಿದ ಈ ಮೀನು ವೈರಿ ಆಗಿದ್ದು ಹೆಂಗೆ? ಕಟ್ಲಾ, ರೋಹು ಮೂಲತಃ ಗಂಗಾ ಸೀಮೆಯವು. 1957ರ ಜುಲೈ 10ಕ್ಕೆ ಹೀರಾಲಾಲ್ ಚೌಧರಿಯವರು ಒಡಿಶಾದಲ್ಲಿ ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿ ಮೀನಿನಿಂದ ಮರಿ ಮಾಡಿಸಿದ್ರು. ಮುಂದೆ ಮರಿ ಊರೂರಿಗೆ ಸಿಕ್ತು, ಕೆರೆಗಳಿಂದ ಆದಾಯ ಬಂತು, ಅದು ಒಳ್ಳೇದೇ. ಆದರೆ ಕೊರಮೀನು ಮರಿ ತಿಂತದೆ ಅಂತ, ಬಿತ್ತನೆಗೆ ಮುಂಚೆ ಹಿಪ್ಪೆ ಹಿಂಡಿ ಹಾಕಿ ಅದನ್ನ ತೆಗೆಯೋ ಪದ್ಧತಿ ಬಂತು. ಸಾಕಣೆ ಹೊಂಡಕ್ಕೆ ಅದು ಸರಿ. ಊರ ಕೆರೆಗೆ ಬೇಡ ಅಂತ ನನ್ನ ಮಾತು. ಮದ್ದು ಸಿಡಿಸಿ, ವಿಷ ಹಾಕಿ ಮೀನು ಹಿಡಿಯೋದನ್ನ 1897ರ ಕಾಯ್ದೆಯೇ ತಡೆದಿತ್ತು.

ನಮ್ಮ ತಾಲೂಕಿನ 74 ಕೆರೆ ತುಂಬಿಸೋ ಯೋಜನೆ ಮಾತಾಡ್ತೀವಿ. ನೀರು ಹೊಳೆಯಿಂದ ತರಬಹುದು. ನಮ್ಮ ಕೆರೆಯ ತಳಿಯನ್ನ ಎಲ್ಲಿಂದ ತರೋದು? ಅದು ಇರೋದು ಕಡೇ ಗುಂಡಿಯ ಆ ಮೊಣಕಾಲುದ್ದ ನೀರಲ್ಲೇ.

ಅದಕ್ಕೇ ಮೂರು ಮಾತು. ಹೂಳೆತ್ತುವಾಗ ಒಂದು ಆಳದ ಗುಂಡಿ ಉಳಿಸ್ರಿ. ಕಡೇ ನೀರನ್ನ ಬಳಿದು ಹಿಡೀಬ್ಯಾಡ್ರಿ. ಮಳೆ ಬಿದ್ದ ಮೇಲೆ ಕೆಂಪು ಮರಿಗಳ ಗುಂಪು ಕಂಡ್ರೆ ಅಲ್ಲಿ ಗಾಳ ಬ್ಯಾಡ. ಕೆಳಗೆ ತಾಯಿ ತಂದೆ ಕಾವಲಿರ್ತಾವೆ. ಅವನ್ನ ಎತ್ತಿದ್ರೆ ಮರಿ ಅಷ್ಟೂ ಬೇರೆ ಮೀನಿನ ಬಾಯಿಗೆ.

ನಿಮ್ಮೂರ ಕೆರೆಯಲ್ಲಿ ಕೊರಮೀನು ಇನ್ನೂ ಐತಾ? ಇದ್ರೆ ಯಾವ ಗುಂಡಿಯಲ್ಲಿ ಅಂತ ಹೇಳಬ್ಯಾಡ್ರಿ, ಐತೆ ಅಂತ ಅಷ್ಟೇ ಹೇಳ್ರಿ.