ಮುಕ್ಕಾದ ಅಕ್ಷರವನ್ನು ಓದುವ ಬಗೆ

ಅಚ್ಚಾದ ಶಾಸನಪಾಠಗಳಲ್ಲಿ ಅಲ್ಲಲ್ಲಿ ಕಾಣುವ ಚುಕ್ಕೆಗಳ ಸಾಲು ನನಗೆ ಮೆಚ್ಚು. ಕಲ್ಲು ಸವೆದ ಕಡೆ ಸಂಪಾದಕರು ಊಹೆಯನ್ನು ಪಾಠವೆಂದು ತುಂಬದೆ ಜಾಗ ಬಿಟ್ಟಿರುತ್ತಾರೆ. ವೆಬ್ ವಿಳಾಸಗಳನ್ನು ಓದುವ ತಂತ್ರಾಂಶವೂ ಇದೇ ಶಿಸ್ತನ್ನು ಕಲಿಯಬೇಕಾಯಿತು. ಅದಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು.

1994ರ ಡಿಸೆಂಬರಿನಲ್ಲಿ ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು ಪ್ರಕಟಿಸಿದ ನಿಯಮದಂತೆ, ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳಿಗಷ್ಟೇ ನೇರ ಪ್ರವೇಶ. ಉಳಿದದ್ದನ್ನು ಬೈಟ್‌ಗಳಾಗಿ ಒಡೆದು, ಪ್ರತಿಯೊಂದರ ಹಿಂದೆ ಶೇಕಡಾ ಚಿಹ್ನೆ ಹಚ್ಚಬೇಕು. ಆ ಬೈಟ್‌ಗಳು ಯಾವ ಲಿಪಿಸಂಕೇತದವು ಎಂದು ಮಾತ್ರ ನಿಯಮ ಹೇಳಲಿಲ್ಲ. ಯುಟಿಎಫ್-8 ಸಂಕೇತದಲ್ಲಿ ನಮ್ಮ ‘ಕ’ ಎಂದರೆ 224, 178, 149 ಎಂಬ ಮೂರು ಬೈಟ್. ಪಶ್ಚಿಮ ಯುರೋಪಿನ ಹಳೆಯ ಸಂಕೇತದಲ್ಲಿ ಓದಿದರೆ ಅವೇ ಮೂರು ಬೇರೆ ಬೇರೆ ಗುರುತುಗಳು. ನಕಲು ಮಾಡುವಾಗ ಒಂದು ಬೈಟ್ ತಪ್ಪಿಹೋದರೆ ಅಕ್ಷರವೇ ಮುಕ್ಕು.

ಮುಕ್ಕನ್ನು ಕಂಡಾಗ ‘ಹೇಗೋ ಹೊಂದಿಸಿಕೊಂಡು ಓದೋಣ’ ಎನ್ನುವ ಔದಾರ್ಯ ದುಬಾರಿಯಾಯಿತು. ಕಡತಗಳ ದಾರಿಯಲ್ಲಿ ಬರುವ ಓರೆಗೆರೆಗೆ ಸರಿಯಾದ ಬೈಟ್ ಒಂದೇ: 47. ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್ 192, 175 ಎಂಬ ಅಕ್ರಮ ಜೋಡಿಯನ್ನೂ ಓರೆಗೆರೆ ಎಂದೇ ಓದುತ್ತಿತ್ತು. ನಿಷಿದ್ಧ ದಾರಿಗಳನ್ನು ತಡೆಯುವ ತಪಾಸಣೆಗೆ ಆ ಜೋಡಿ ಓರೆಗೆರೆಯಾಗಿ ಕಾಣಲಿಲ್ಲ. ನಂತರದ ಓದಿಗೆ ಕಂಡಿತು. ಈ ಸಂದಿನಲ್ಲಿ ನುಸುಳಿದವರು ಸರ್ವರಿನ ಬೇರೆ ಕಡತಗಳನ್ನು ಮುಟ್ಟಬಹುದಿತ್ತು. 2000ದ ಅಕ್ಟೋಬರಿನಲ್ಲಿ ಈ ದೋಷ ಬಯಲಾಯಿತು. 2001ರ ಸೆಪ್ಟೆಂಬರಿನಲ್ಲಿ ಹಬ್ಬಿದ ನಿಮ್ಡಾ ಹುಳುವೂ ಇದನ್ನು ಬಳಸಿಕೊಂಡಿತು.

2003ರ ಯುಟಿಎಫ್-8 ನಿಯಮ ಇಂಥ ಅಕ್ರಮ ಜೋಡಿಗಳನ್ನು ಓದಲೇಬಾರದು ಎಂದು ಸ್ಪಷ್ಟವಾಗಿ ವಿಧಿಸಿತು. 2005ರ ನಿಯಮ ಹೊಸ ವಿಳಾಸ ಪದ್ಧತಿಗಳಲ್ಲಿ ಬರಹಕ್ಕೆ ಯುಟಿಎಫ್-8 ಬಳಸಬೇಕೆಂದಿತು. ಇಂದು ಮುಕ್ಕಾದ ವಿಳಾಸ ಸಿಕ್ಕರೆ ಜಾವಾಸ್ಕ್ರಿಪ್ಟ್ ದೋಷ ಸಾರಿ ನಿಲ್ಲುತ್ತದೆ. ಪೈಥಾನ್ ವಾಡಿಕೆಯಂತೆ ಆ ಜಾಗದಲ್ಲಿ ಯುನಿಕೋಡ್‌ನ ಬದಲಿ ಗುರುತನ್ನು ಇಡುತ್ತದೆ. ಪರದೆಯ ಮೇಲೆ ಅದು ಸಾಮಾನ್ಯವಾಗಿ ಕಪ್ಪು ವಜ್ರದೊಳಗಿನ ಪ್ರಶ್ನೆಚಿಹ್ನೆ.

ಆ ವಜ್ರವನ್ನು ನಾನು ಶಾಸನದ ಚುಕ್ಕೆಗಳ ಸಾಲಿಗೇ ಸೇರಿಸುತ್ತೇನೆ. ಆದರೂ ಒಂದು ವ್ಯತ್ಯಾಸವಿದೆ. ಚುಕ್ಕೆ ಇಟ್ಟ ಮೇಲೂ ಕಲ್ಲು ಉಳಿದಿರುತ್ತದೆ, ಮತ್ತೊಬ್ಬರು ಹೋಗಿ ನೋಡಬಹುದು. ವಜ್ರ ಇಟ್ಟು ಮೂಲ ಬೈಟ್‌ಗಳನ್ನು ಎಸೆದರೆ ಮರುಓದಿಗೆ ಏನೂ ಉಳಿಯದು. ಬಂದ ವಿಳಾಸವನ್ನು ಬಂದಂತೆಯೇ ಕಾಪಿಡುವುದು, ಆದ್ದರಿಂದ, ತಂತ್ರಾಂಶ ಬರೆಯುವವರ ಮೊದಲ ಕೆಲಸ.